ಆನ್‌ಲೈನ್ ಕ್ಲಚ್ ಲಿವರ್‌ಗೆ ಸೊನ್ನೆ, ಶಿಡ್ಲಘಟ್ಟ ರೋಡಿನ ಪಿಕಪ್ ಗ್ಯಾರೇಜ್‌ಗೆ ನಾಲ್ಕು ಸ್ಟಾರ್

ಎರಡು ರಿವ್ಯೂ ಒಂದೇ ಕಡೆ ಬರೀತಿದೀನಿ, ಯಾಕಂದ್ರೆ ಒಂದನ್ನ ಬಿಟ್ರೆ ಇನ್ನೊಂದು ಅರ್ಥ ಆಗಲ್ಲ. ಮೊದಲನೇದು ಆನ್‌ಲೈನಲ್ಲಿ ತರಿಸಿದ ಅಡ್ಜಸ್ಟಬಲ್ ಲಿವರ್ ಜೋಡಿ, ಕ್ಲಚ್‌ದು ಬ್ರೇಕ್‌ದು ಸೇರಿ ₹1,800. ಎರಡನೇದು ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟ ರೋಡಲ್ಲಿರೋ ಒಂದು ಗ್ಯಾರೇಜು, ಬೋರ್ಡ್ ಇಲ್ಲ ಏನಿಲ್ಲ, ಮುಂದೆ ಯಾವಾಗ್ಲೂ ತರಕಾರಿ ಪಿಕಪ್‌ಗಳು ನಿಂತಿರುತ್ವೆ, ಒಳಗೆ ಮೇಸ್ತ್ರಿ ಯಾವ್ದೋ ಗಾಡಿ ಕೆಳಗೆ ಮಲಗಿರ್ತಾರೆ. ಲಿವರ್ ತಗೋಬೇಡಿ. ಗ್ಯಾರೇಜ್‌ಗೆ ಹೋಗಿ. ಇಷ್ಟು ಸಾಕು ಅನ್ನೋರು ಇಲ್ಲೇ ನಿಲ್ಲಿಸ್ಬಹುದು, ಹೈಡ್ರಾಲಿಕ್ ಕ್ಲಚ್ ಇರೋ ಬೈಕ್ ಇಟ್ಕೊಂಡಿರೋರು ಮಾತ್ರ ಪೂರ್ತಿ ಓದಿ.

ಬೈಕ್ ನಂದು ಸುಜುಕಿ ಹಯಬುಸಾ, ಎರಡನೇ ಜನರೇಷನ್, 1340 ಸಿಸಿದು, ಸೆಕೆಂಡ್ ಹ್ಯಾಂಡ್. ಇದ್ರಲ್ಲಿ ಕ್ಲಚ್ ಕೇಬಲ್ ಇಲ್ಲ. ಲಿವರ್ ಹಿಡಿದ್ರೆ ಹ್ಯಾಂಡಲ್ ಮೇಲಿರೋ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಳಗೆ ಹೋಗುತ್ತೆ, ಅದು ಆಯಿಲ್‌ನ ಪೈಪಲ್ಲಿ ಕೆಳಗೆ ತಳ್ಳುತ್ತೆ, ಕೆಳಗೆ ಎಡಗಡೆ ಮುಂದಿನ ಚೈನ್ ಸ್ಪ್ರಾಕೆಟ್ ಕವರ್ ಹತ್ರ ಸ್ಲೇವ್ ಸಿಲಿಂಡರ್ ಇದೆ, ಅದರ ಪಿಸ್ಟನ್ ಒಂದು ರಾಡನ್ನ ತಳ್ಳಿ ಕ್ಲಚ್ ಬಿಡಿಸುತ್ತೆ. ಬ್ರೇಕಿನ ಲೆಕ್ಕವೇ, ಆಯಿಲ್ ಕೂಡ ಬ್ರೇಕ್ ಆಯಿಲೇ, ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಡಾಟ್ 4 ಅಂತ ಬರೆದಿರುತ್ತೆ.

ಲಿವರ್ ಯಾಕೆ ತರಿಸಿದ್ದು ಅಂದ್ರೆ ಬಿಬಿ ರೋಡಲ್ಲಿ ನಿಲ್ಲಿಸಿದ್ದಾಗ ಯಾರೋ ಪಕ್ಕದ ಗಾಡಿ ತೆಗೆಯೋಕೆ ಹೋಗಿ ನಂದನ್ನ ಬೀಳಿಸಿ ಹೋಗಿದ್ರು. ಕ್ಲಚ್ ಲಿವರಿನ ತುದಿ ಉಂಡೆ ಮುರಿದಿತ್ತು, ಬೇರೇನೂ ಆಗಿರ್ಲಿಲ್ಲ. ಒರಿಜಿನಲ್ ಲಿವರ್‌ಗೆ ಬೆಂಗಳೂರಲ್ಲಿ ಆರ್ಡರ್ ಕೊಟ್ಟು ಕಾಯ್ಬೇಕು ಅಂದ್ರು, ಅಷ್ಟರಲ್ಲಿ ಫೋನಲ್ಲಿ ಈ ಜೋಡಿ ಕಾಣಿಸ್ತು, ಕಪ್ಪು ಬಣ್ಣ, ಕೆಂಪು ಅಡ್ಜಸ್ಟರ್, ಒಂದರಿಂದ ಆರರವರೆಗೆ ನಂಬರು, ನಮ್ ಬೈಕಿನ ಹೆಸರು ವರ್ಷ ಎಲ್ಲಾ ಹಾಕಿ ‘ಪಕ್ಕಾ ಫಿಟ್’ ಅಂತ ಬರೆದಿದ್ರು. ಡಬ್ಬದ ಮೇಲೆ ಕಂಪನಿ ಹೆಸರೇ ಇರ್ಲಿಲ್ಲ, ಹಾಗಾಗಿ ಯಾರ್ದು ಅಂತ ಹೇಳೋ ಪ್ರಶ್ನೆನೂ ಇಲ್ಲ.

ನೋಡೋಕೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಫಿನಿಶಿಂಗ್ ನೀಟಾಗಿದೆ, ಅಡ್ಜಸ್ಟರ್ ಕಟ್ ಕಟ್ ಅಂತ ಕೂರುತ್ತೆ, ಬೈಕಿಗೆ ಹಾಕಿದ ಮೇಲೆ ಫೋಟೋ ತೆಗೆದ್ರೆ ಎಲ್ರೂ ಎಲ್ಲಿ ತಗೊಂಡ್ಯೋ ಅಂತಾರೆ. ಫಿಟ್ಟಿಂಗ್ ಮಾಡುವಾಗ್ಲೇ ಮೊದಲನೇ ಕಿರಿಕ್ ಬಂತು. ಸುಜುಕಿಯಲ್ಲಿ ನ್ಯೂಟ್ರಲಲ್ಲಿದ್ರೂ ಕ್ಲಚ್ ಹಿಡಿದ್ರೇನೇ ಸ್ಟಾರ್ಟ್ ಆಗೋದು, ಅದಕ್ಕೆ ಲಿವರ್ ಬುಡದಲ್ಲಿ ಒಂದು ಚಿಕ್ಕ ಸ್ವಿಚ್ಚಿದೆ. ಈ ಲಿವರಿನ ಬುಡ ಆ ಸ್ವಿಚ್ಚಿನ ಕಡ್ಡಿಯನ್ನ ಸರಿಯಾಗಿ ಮುಟ್ತಾನೇ ಇರ್ಲಿಲ್ಲ, ಪೂರ್ತಿ ಗ್ರಿಪ್‌ಗೆ ಅಂಟೋ ಹಾಗೆ ಹಿಡಿದ್ರೆ ಒಂದ್ಸಲ ಸ್ಟಾರ್ಟ್ ಆಗೋದು ಇನ್ನೊಂದ್ಸಲ ಆಗ್ತಿರ್ಲಿಲ್ಲ. ಬ್ಯಾಟರಿ ಹೋಯ್ತಾ ಸೆಲ್ಫ್ ಮೋಟರ್ ಹೋಯ್ತಾ ಅಂತ ತಲೆ ಕೆಡಿಸ್ಕೊಳ್ಳೋ ಜನ ಇದಾರೆ, ಹೊಸ ಲಿವರ್ ಹಾಕಿದ ಮೇಲೆ ಸೆಲ್ಫ್ ತಗೊಳ್ತಿಲ್ಲ ಅಂದ್ರೆ ಮೊದ್ಲು ಈ ಸ್ವಿಚ್ ನೋಡಿ.

ಆದ್ರೆ ಸ್ವಿಚ್ ಸಮಸ್ಯೆ ಚಿಲ್ಲರೆ. ದೊಡ್ಡ ಸಮಸ್ಯೆ ಬಿಸಿಯಾದ ಮೇಲೆ ಬಂತು.

ಹೈವೇ 44ರಲ್ಲಿ ಪೇರೇಸಂದ್ರ ಕಡೆ ಹೋಗ್ತಾ ಇದ್ದಾಗ, ಬಿಸಿಲು ಜೋರು, ಗಾಡಿ ಚೆನ್ನಾಗಿ ಬಿಸಿಯಾಗಿತ್ತು, ಆರನೇ ಗೇರಲ್ಲಿ ಆಕ್ಸಿಲರೇಟರ್ ತಿರುವಿದ್ರೆ ಮೀಟರಲ್ಲಿ ಆರ್‌ಪಿಎಂ ಮಾತ್ರ ಮೇಲೆ ಹೋಯ್ತು, ಸ್ಪೀಡ್ ಅಲ್ಲೇ ನಿಂತ್ಕೊಂಡಿತ್ತು. ಕ್ಲಚ್ ಸ್ಲಿಪ್ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಒಂದು ಕಡೆ ನಿಲ್ಲಿಸಿ ಟೀ ಕುಡಿದು ಹೊರಟ್ರೆ ಏನೂ ಆಗೇ ಇಲ್ಲ ಅನ್ನೋ ತರ ಎಳೀತು. ಬೆಳಗ್ಗೆ ತಣ್ಣಗಿದ್ದಾಗ ಸರಿ, ಟ್ರಾಫಿಕ್ಕಲ್ಲಿ ಬಿಸಿಯಾದ್ರೆ ಸ್ಲಿಪ್, ತಣ್ಣಗಾದ್ರೆ ಮತ್ತೆ ಸರಿ. ಈ ‘ಬಿಸಿಯಾದ್ರೆ ಮಾತ್ರ’ ಅನ್ನೋದನ್ನ ನೆನಪಿಟ್ಕೊಳ್ಳಿ, ಇಡೀ ಕಥೆ ಅದ್ರಲ್ಲೇ ಇದೆ. ಕ್ಲಚ್ ಪ್ಲೇಟ್ ಸವೆದು ಸ್ಲಿಪ್ ಆಗ್ತಿದ್ರೆ ಅದು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಾ ಹೋಗುತ್ತೆ, ಟೀ ಕುಡಿಯೋ ಅಷ್ಟರಲ್ಲಿ ವಾಸಿ ಆಗಲ್ಲ.

ಬೆಂಗಳೂರಲ್ಲಿ ದೊಡ್ಡ ಬೈಕ್ ಮಾಡೋ ಒಂದು ಕಡೆ ತೋರಿಸಿದೆ, ಹೆಸರು ಬೇಡ. ಅವ್ರು ತಣ್ಣಗಿರೋ ಗಾಡಿನ ಒಂದು ರೌಂಡ್ ಓಡಿಸಿ ಬಂದು ಕ್ಲಚ್ ಪ್ಲೇಟ್ ಸೆಟ್, ಸ್ಪ್ರಿಂಗು, ಗ್ಯಾಸ್ಕೆಟ್ಟು, ಲೇಬರ್ ಅಂತ ಪಟ್ಟಿ ಬರೆದು ಕೊಟ್ರು. ಪಟ್ಟಿ ನೋಡಿ ವಾಪಸ್ ಬಂದೆ. ನಮ್ಮಣ್ಣನ ಪಿಕಪ್ಪು ದಿಲ್‌ಖುಷ್ ದ್ರಾಕ್ಷಿ ಸೀಸನ್ನಲ್ಲಿ ನಿಂತಿದ್ದೇ ಇಲ್ಲ ಅನ್ನೋ ತರ ಓಡುತ್ತೆ, ಅದರ ಕ್ಲಚ್ ಎಲ್ಲಾ ನೋಡೋದು ಈ ಶಿಡ್ಲಘಟ್ಟ ರೋಡಿನ ಮೇಸ್ತ್ರಿನೇ. ಅಣ್ಣ ಹೇಳಿದ್ದು ಒಂದೇ ಮಾತು, ‘ಎಣ್ಣೆ ಕ್ಲಚ್ ತಾನೆ, ಅವ್ರಿಗೆ ಗೊತ್ತಿರುತ್ತೆ ಹೋಗು.’ ಸರಿಯಾದ ಮಾತು. ಎಷ್ಟೋ ಕಾರು ಪಿಕಪ್‌ಗಳಲ್ಲಿ ಹೈಡ್ರಾಲಿಕ್ ಕ್ಲಚ್ಚೇ ಇರೋದು, ಅವನ್ನ ಬಿಚ್ಚಿ ಬಿಚ್ಚಿ ಕೈ ಪಳಗಿರೋರಿಗೆ ಬೈಕಿಂದು ಅದರ ಮರಿ ಅಷ್ಟೆ.

ಮೇಸ್ತ್ರಿ ಗಾಡಿ ನೋಡಿದ ತಕ್ಷಣ ಮುಟ್ಟಲಿಲ್ಲ, ಇದು ನಂಗೆ ಇಷ್ಟ ಆಯ್ತು. ಮೊದ್ಲು ಕೇಳಿದ್ದು ‘ಯಾವಾಗ ಆಗುತ್ತೆ, ಅದಕ್ಕೆ ಮುಂಚೆ ಏನು ಬದಲಾಯಿಸಿದ್ರಿ?’ ಅಂತ. ಲಿವರ್ ಅಂದೆ. ಹೂಂ ಅಂದು, ಹೋಗಿ ಬಿಸಿ ಮಾಡ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ನಾನು ಊರೊಳಗೆ ಟ್ರಾಫಿಕ್ಕಲ್ಲೆಲ್ಲಾ ಸುತ್ತಿ, ಆಮೇಲೆ ನಂದಿ ಕಡೆ ಹೋಗಿ ಬಂದು, ಸ್ಲಿಪ್ ಶುರುವಾದ ಮೇಲೆ ತಂದು ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿಸಿ, ಕೆಳಗೆ ಸ್ಲೇವ್ ಸಿಲಿಂಡರಲ್ಲಿರೋ, ಆಯಿಲ್ ಗಾಳಿ ಹೊರಗೆ ಬಿಡೋ ಬ್ಲೀಡ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಸ್ಪ್ಯಾನರಲ್ಲಿ ಒಂದೇ ಒಂದು ಕಾಲು ಸುತ್ತು ಸಡಿಲ ಮಾಡಿದ್ರು. ಲಿವರ್ ಯಾರೂ ಮುಟ್ಟಿರ್ಲಿಲ್ಲ, ಆದ್ರೂ ಆಯಿಲ್ ಚಿರ್ ಅಂತ ಪೈಪೊಳಗೆ ಹಾರಿತು. ಟೈಟ್ ಮಾಡಿ, ಈಗ ಓಡಿಸಿ ನೋಡಿ ಅಂದ್ರು. ಗಾಡಿ ಅಷ್ಟೇ ಬಿಸಿ ಇತ್ತು, ಸ್ಲಿಪ್ ಮಾಯ.

ಅಂದ್ರೆ ಏನಾಯ್ತು? ಲಿವರ್ ಬಿಟ್ಟಾಗ ಪೈಪಲ್ಲಿ ಒತ್ತಡ ಇರ್ಬಾರ್ದು, ಇಲ್ಲಿ ಇತ್ತು. ಯಾರೂ ಹಿಡಿಯದೇ ಇದ್ರೂ ಕ್ಲಚ್ ಅರ್ಧ ಹಿಡಿದ ಹಾಗೇ ಇತ್ತು.

ಕಾರಣ ಮಾಸ್ಟರ್ ಸಿಲಿಂಡರಲ್ಲಿದೆ. ಡಬ್ಬಿ ತಳದಲ್ಲಿ ಎರಡು ತೂತು ಇರುತ್ವೆ, ಒಂದು ದೊಡ್ಡದು, ಇನ್ನೊಂದು ಸೂಜಿ ಮೊನೆ ಅಷ್ಟೇ. ಲಿವರ್ ಪೂರ್ತಿ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಆ ಚಿಕ್ಕ ತೂತು ತೆರೀಬೇಕು, ಆಗ ಕೆಳಗಿರೋ ಆಯಿಲ್‌ಗೂ ಡಬ್ಬಿಗೂ ಸಂಪರ್ಕ ಆಗುತ್ತೆ. ಇಂಜಿನ್ ಪಕ್ಕದಲ್ಲೇ ಸ್ಲೇವ್ ಇರೋದ್ರಿಂದ ಆಯಿಲ್ ಕಾದು ಹಿಗ್ಗುತ್ತೆ, ಹಿಗ್ಗಿದ್ದು ಆ ತೂತಲ್ಲಿ ಡಬ್ಬಿಗೆ ಬರುತ್ತೆ. ಪಿಸ್ಟನ್ ಕೂದಲೆಳೆ ಅಷ್ಟು ಮುಂದೆ ನಿಂತ್ರೂ ಸಾಕು, ತೂತು ಮುಚ್ಚಿ ಹೋಗುತ್ತೆ. ಆಮೇಲೆ ಕುದಿಯೋ ಪಾತ್ರೆಗೆ ಮುಚ್ಚಳ ಬಿಗಿದ ಹಾಗೆ. ಹಿಗ್ಗಿದ ಆಯಿಲ್‌ಗೆ ಮೇಲೆ ದಾರಿ ಇಲ್ಲ, ಕೆಳಗೆ ಸ್ಲೇವ್ ಪಿಸ್ಟನ್ನೇ ತಳ್ಳುತ್ತೆ, ಕ್ಲಚ್ ಸ್ವಲ್ಪ ಬಿಟ್ಕೊಳ್ಳುತ್ತೆ, ಸ್ಲಿಪ್. ತಣ್ಣಗಾದ್ರೆ ಆಯಿಲ್ ಕುಗ್ಗುತ್ತೆ, ಎಲ್ಲಾ ಸರಿ. ಇದನ್ನ ಹಾಗೇ ಓಡಿಸ್ತಾ ಹೋದ್ರೆ ಆಗ ನಿಜವಾಗ್ಲೂ ಪ್ಲೇಟ್ ಸುಟ್ಟು ಹೋಗುತ್ತೆ, ಆಗ ಬೆಂಗಳೂರಿನವ್ರ ಪಟ್ಟಿ ಸರಿ ಆಗ್ತಿತ್ತು.

ಹಾಗಾದ್ರೆ ಪಿಸ್ಟನ್ ಯಾಕೆ ಪೂರ್ತಿ ವಾಪಸ್ ಬರ್ತಿಲ್ಲ? ಮೇಸ್ತ್ರಿ ಡಬ್ಬಿ ಮುಚ್ಚಳ ತೆಗೆದು ತೋರಿಸಿದ್ರು, ಈ ಪರೀಕ್ಷೆ ಯಾರು ಬೇಕಾದ್ರೂ ಮನೇಲೇ ಮಾಡ್ಬಹುದು. ಸುತ್ತ ಒದ್ದೆ ಬಟ್ಟೆ ಹಾಸಿ, ಮುಚ್ಚಳ, ಅದರ ಕೆಳಗಿನ ರಬ್ಬರ್ ಡಯಾಫ್ರಾಮ್ ತೆಗೆದು, ಲಿವರನ್ನ ಬಹಳ ನಿಧಾನಕ್ಕೆ ಸ್ವಲ್ಪವೇ ಎಳೀಬೇಕು. ಎಳೆದ ಶುರುವಲ್ಲೇ ಚಿಕ್ಕ ತೂತಿಂದ ಆಯಿಲ್ ಪುಳಕ್ ಅಂತ ಮೇಲೆ ಚಿಮ್ಮಬೇಕು ಅಥವಾ ಕಡೇಪಕ್ಷ ಒಂದು ಅಲೆ ಏಳಬೇಕು. ಜೋರಾಗಿ ಎಳೆದ್ರೆ ಮುಖಕ್ಕೇ ಹಾರುತ್ತೆ ಹುಷಾರು, ಕಣ್ಣಿಗೆ ಬಿದ್ರೆ ಒಳ್ಳೇದಲ್ಲ. ಹೊಸ ಲಿವರಲ್ಲಿ ಎಳೆದ್ರೆ ಅಲೆಯೇ ಇಲ್ಲ, ನೀರು ನಿಂತ ಹಾಗೆ. ಅಂದ್ರೆ ಎಳೆಯೋಕೆ ಮುಂಚೇನೇ ತೂತು ಮುಚ್ಚಿತ್ತು. ಲಿವರ್ ಬಿಚ್ಚಿ, ಮುರಿದ ಹಳೇ ಲಿವರನ್ನ ಸಿಕ್ಕಿಸಿ ಎಳೆದ್ರು, ಪುಳಕ್.

ಎರಡೂ ಲಿವರ್ ಪಕ್ಕ ಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ಕಾಣುತ್ತೆ. ಪಿಸ್ಟನ್ ತಳ್ಳೋ ಕಡ್ಡಿ ಬಂದು ಕೂರೋದು ಲಿವರೊಳಗಿನ ಒಂದು ಹಿತ್ತಾಳೆ ಬುಶ್ಶಿನ ಗುಳಿಯಲ್ಲಿ. ಹೊಸದರಲ್ಲಿ ಆ ಗುಳಿಯ ಆಳ ಕಮ್ಮಿ ಇದೆ. ಲಿವರ್ ಪೂರ್ತಿ ಬಿಟ್ಟಿದ್ರೂ ಕಡ್ಡಿಯನ್ನ ಒತ್ಕೊಂಡೇ ಇರುತ್ತೆ. ಒರಿಜಿನಲ್ಲಲ್ಲಿ ಲಿವರ್ ಹಿಡಿದಾಗ ಮೊದಲ ಸ್ವಲ್ಪ, ಒಂದು ಮಿಲಿಮೀಟರ್ ಅಂತ ಇಟ್ಕೊಳ್ಳಿ, ಏನೂ ತಳ್ಳದೆ ಲೊಡ ಲೊಡ ಅಲ್ಲಾಡುತ್ತೆ. ಆ ಲೊಡಲೊಡ ಇರ್ಲೇಬೇಕು. ಹೊಸ ಲಿವರ್ ಹಾಕಿದಾಗ ಆಹಾ ಆಟವೇ ಇಲ್ಲ ಎಷ್ಟು ಟೈಟಾಗಿದೆ ಅಂತ ಅನ್ಸುತ್ತಲ್ಲ, ಅದೇ ರೋಗ.

ಬುಶ್ಶನ್ನ ಸ್ವಲ್ಪ ಅರದಿಂದ ಉಜ್ಜಿ ಕೊಡಿ ಮೇಸ್ತ್ರಿ ಅಂತ ಕೇಳಿದೆ. ಖಂಡಿತ ಆಗಲ್ಲ ಅಂದ್ರು. ಜಾಸ್ತಿ ಉಜ್ಜಿದ್ರೆ ಆಟ ಜಾಸ್ತಿ ಆಗಿ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಕಟಕಟ ಅನ್ನುತ್ತೆ, ಆಮೇಲೆ ನನ್ ಹೆಸರು ಹೇಳ್ತೀರ, ಅಂದ್ರು. ಕೆಲಸ ಬೇಡ ಅನ್ನೋ ಮೆಕ್ಯಾನಿಕ್ ಸಿಗೋದು ಅಪರೂಪ, ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಟ್ಟಿದೀನಿ. ಮುರಿದ ಹಳೇ ಲಿವರಿನ ತುದಿಯನ್ನ ಗುಂಡಗೆ ಉಜ್ಜಿ, ಚೂಪು ತೆಗೆದು, ಪಿವಟ್ ಬೋಲ್ಟ್‌ಗೂ ಬುಶ್ಶಿಗೂ ಗ್ರೀಸ್ ಹಚ್ಚಿ ಅದನ್ನೇ ಹಾಕಿ ಕೊಟ್ರು, ಒರಿಜಿನಲ್ ಬರೋವರೆಗೆ ಅದ್ರಲ್ಲೇ ಓಡಿಸಿದೆ, ಏನೂ ತೊಂದ್ರೆ ಆಗ್ಲಿಲ್ಲ.

ಆಮೇಲೆ ಅವ್ರೇ ಕೇಳಿದ್ದು, ಬ್ರೇಕಿಂದೂ ಇದೇ ಜೋಡಿನಾ ಅಂತ. ಹೌದು ಅಂದೆ. ಮುಂದಿನ ಚಕ್ರ ಎತ್ತಿ ತಿರುಗಿಸಿದ್ರೆ ಬ್ರೇಕ್ ಸ್ವಲ್ಪ ಹಿಡಿದಿತ್ತು. ಇಲ್ಲೇ ನಾನು ಆ ಲಿವರ್‌ಗೆ ಕೊಡ್ಬೇಕು ಅಂತಿದ್ದ ಒಂದು ಸ್ಟಾರೂ ಹೋಗಿದ್ದು. ಕ್ಲಚ್ಚಲ್ಲಿ ತೂತು ಮುಚ್ಚಿದ್ರೆ ಗಾಡಿ ಎಳೆಯಲ್ಲ ಅಷ್ಟೆ, ಬ್ರೇಕಲ್ಲಿ ಮುಚ್ಚಿದ್ರೆ ಆಯಿಲ್ ಕಾದ ಹಾಗೆ ಬ್ರೇಕ್ ತಾನೇ ಹಿಡೀತಾ ಹೋಗುತ್ತೆ, ಹಿಡಿದಷ್ಟೂ ಇನ್ನೂ ಕಾಯುತ್ತೆ, ಕೊನೆಗೆ ಮುಂದಿನ ಚಕ್ರ ಲಾಕ್. ನಂದಿ ಬೆಟ್ಟದ ಇಳಿಜಾರಿನ ತಿರುವಲ್ಲಿ ಅದು ಆದ್ರೆ ಬರೆಯೋಕೆ ನಾನಿರ್ತಿರ್ಲಿಲ್ಲ. ಎರಡೂ ಬಿಚ್ಚಿಸಿ ಕವರಿಗೆ ಹಾಕ್ಕೊಂಡು ಬಂದೆ. ಮಾರಿದವ್ರಿಗೆ ವಾಪಸ್ ಕಳಿಸ್ತೀನಿ ಅಂದ್ರೆ ‘ಫಿಟ್ ಮಾಡಿದ ಮೇಲೆ ರಿಟರ್ನ್ ಇಲ್ಲ’ ಅಂತ ಮೆಸೇಜು. ಫಿಟ್ ಮಾಡದೆ ಹೆಂಗಪ್ಪ ಗೊತ್ತಾಗೋದು.

ಎಲ್ಲಾ ಹೊರಗಿನ ಲಿವರೂ ಹೀಗೇ ಅಂತ ಹೇಳ್ತಿಲ್ಲ, ಒಳ್ಳೇ ಕಂಪನಿಗಳೂ ಇದಾವೆ. ಯಾವ್ದೇ ಹಾಕಿದ್ರೂ ಈ ಮೂರು ನೋಡದೆ ರೋಡಿಗೆ ಹೋಗ್ಬೇಡಿ: ಶುರುವಲ್ಲಿ ಸ್ವಲ್ಪ ಆಟ ಇದೆಯಾ, ಡಬ್ಬಿಯಲ್ಲಿ ಅಲೆ ಏಳುತ್ತಾ, ಸ್ವಿಚ್ ಕೆಲಸ ಮಾಡುತ್ತಾ.

ಈಗ ಅಡ್ಜಸ್ಟರ್ ವಿಷಯ, ಇದ್ರ ಬಗ್ಗೆ ನಮ್ ಹುಡುಗರಲ್ಲಿ ತುಂಬಾ ಗೊಂದಲ ಇದೆ. ಪಲ್ಸರು, ಸ್ಪ್ಲೆಂಡರು ಓಡಿಸಿ ಬಂದಿರೋರಿಗೆ ಕ್ಲಚ್ ಅಡ್ಜಸ್ಟ್ ಅಂದ್ರೆ ಕೇಬಲ್ ಟೈಟು ಲೂಸು ಮಾಡೋದು, ಹ್ಯಾಂಡಲ್ ಹತ್ರ ಒಂದು ನಟ್ಟು, ಇಂಜಿನ್ ಹತ್ರ ಒಂದು ನಟ್ಟು. ಕೇಬಲಲ್ಲಿ ಪ್ಲೇಟ್ ಸವೆದ ಹಾಗೆ ಆಟ ಬದಲಾಗುತ್ತೆ, ನಾವೇ ಸರಿ ಮಾಡ್ಕೋಬೇಕು. ಹೈಡ್ರಾಲಿಕ್ಕಲ್ಲಿ ಆ ಕೆಲಸವೇ ಇಲ್ಲ, ಸ್ಲೇವ್ ಪಿಸ್ಟನ್ ಸವೆತಕ್ಕೆ ತಕ್ಕ ಹಾಗೆ ತಾನೇ ಜಾಗ ಬದಲಾಯಿಸ್ಕೊಳ್ಳುತ್ತೆ. ಲಿವರ್ ಮೇಲಿರೋ ನಂಬರ್ ಚಕ್ರ ಲಿವರು ಗ್ರಿಪ್ಪಿಂದ ಎಷ್ಟು ದೂರ ಇರ್ಬೇಕು ಅನ್ನೋದಕ್ಕೆ ಮಾತ್ರ, ಬೆರಳು ಗಿಡ್ಡ ಇರೋರಿಗೆ ಹತ್ರ, ಉದ್ದ ಇರೋರಿಗೆ ದೂರ. ಅದನ್ನ ತಿರುಗಿಸಿದ್ರೆ ಸ್ಲಿಪ್ ಹೋಗಲ್ಲ, ಗೇರ್ ಗಟ್ಟಿ ಇರೋದು ಹೋಗಲ್ಲ, ಪೈಪೊಳಗೆ ಸೇರಿರೋ ಗಾಳಿ ಹೋಗಲ್ಲ. ಕ್ಲಚ್ ಹಿಡಿಯೋ ಜಾಗ ಇದ್ದಕ್ಕಿದ್ದ ಹಾಗೆ ಬದಲಾಯ್ತು ಅಂದ್ರೆ ಆ ಚಕ್ರಕ್ಕೆ ಕೈ ಹಾಕ್ಬೇಡಿ, ಸಮಸ್ಯೆ ಆಯಿಲಲ್ಲಿದೆ.

ಒಂದೇ ಒಂದು ವಿಷಯದಲ್ಲಿ ಆ ಚಕ್ರ ತೊಂದ್ರೆ ಕೊಡಬಲ್ಲದು. ತೀರಾ ಹತ್ರದ ನಂಬರಿಗೆ ಇಟ್ಕೊಂಡ್ರೆ ಕ್ಲಚ್ ಪೂರ್ತಿ ಬಿಡೋಕೆ ಮುಂಚೇನೇ ಲಿವರ್ ಗ್ರಿಪ್‌ಗೆ ಬಡಿಯುತ್ತೆ, ದಪ್ಪ ಗ್ರಿಪ್ ಹಾಕಿಸಿರೋರಿಗೆ ಇನ್ನೂ ಬೇಗ. ಆಗ ಸಿಗ್ನಲಲ್ಲಿ ನ್ಯೂಟ್ರಲ್ ಸಿಗಲ್ಲ, ಫಸ್ಟ್ ಹಾಕಿದ್ರೆ ಧಡ್ ಅನ್ನುತ್ತೆ, ಗಾಡಿ ಮುಂದಕ್ಕೆ ಎಳೆಯುತ್ತೆ. ಇಂಜಿನ್ ಆಫ್ ಮಾಡಿ ಫಸ್ಟ್ ಗೇರಲ್ಲಿ ಲಿವರ್ ಹಿಡಿದು ಗಾಡಿ ತಳ್ಳಿ ನೋಡಿ. ತೀರಾ ಬಿಗಿ ಅನ್ಸಿದ್ರೆ ಒಂದು ನಂಬರ್ ದೂರ ಇಟ್ಟು ಮತ್ತೆ ತಳ್ಳಿ, ಹಗುರ ಆಯ್ತು ಅಂದ್ರೆ ಅಷ್ಟೇ ಸಾಕು. ಯಾವ ನಂಬರಲ್ಲೂ ಬಿಡ್ತಿಲ್ಲ ಅಂದ್ರೆ ಮೊದ್ಲು ಗಾಳಿ ಇದೆಯಾ ನೋಡಿ.

ಗಾಳಿ ಅಂದಾಗ ನೆನಪಾಯ್ತು, ನಂದ್ರಲ್ಲೂ ಸ್ವಲ್ಪ ಇತ್ತು. ಮೇಸ್ತ್ರಿ ಲಿವರನ್ನ ಎರಡ್ಸಲ ಒತ್ತಿ ‘ಲೋಪಲ ಗಾಲಿ ಉಂದಿ’, ಅಂದ್ರೆ ಒಳಗೆ ಗಾಳಿ ಇದೆ, ಅಂದ್ರು, ಅವ್ರಿಗೆ ಯೋಚನೆ ಬಂದಾಗ ತೆಲುಗೇ ಬರೋದು, ನಮ್ಮೂರ ಕಡೆ ಅರ್ಧ ಜನ ಹಾಗೇ. ಲಿವರ್ ಸ್ಪಾಂಜ್ ತರ ಇದೆ, ಪಟಪಟ ನಾಲ್ಕೈದು ಸಲ ಹೊಡೆದ್ರೆ ಗಟ್ಟಿ ಆಗುತ್ತೆ ಅಂದ್ರೆ ಅದು ಗಾಳಿ. ಬ್ಲೀಡ್ ಮಾಡೋ, ಅಂದ್ರೆ ಗಾಳಿ ತೆಗೆಯೋ ವಿಷಯದಲ್ಲಿ ಮಾತ್ರ ಅವ್ರು ಕಾರಿನ ರೀತೀಲಿ ಹೋದ್ರು, ಲಿವರ್ ಹೊಡಿ, ಹಿಡ್ಕೋ, ನಿಪ್ಪಲ್ ಬಿಚ್ಚು, ಮುಚ್ಚು, ಲಿವರ್ ಬಿಡು. ಕೆಲಸ ಆಗುತ್ತೆ, ಆದ್ರೆ ಬೈಕಲ್ಲಿ ಪೈಪ್ ಮೇಲಿಂದ ಕೆಳಗೆ ಇಳಿಯುತ್ತೆ, ಒಂದ್ಸಲ ಲಿವರ್ ಹಿಡಿದ್ರೆ ಹೋಗೋ ಆಯಿಲ್ ಬಹಳ ಕಮ್ಮಿ, ಗಾಳಿ ಗುಳ್ಳೆ ಮೇಲೆ ಹತ್ತೋಕೆ ನೋಡುತ್ತೆ, ನಾವು ಕೆಳಗೆ ತಳ್ತೀವಿ, ಜಗಳ ಮುಗಿಯಲ್ಲ. ಗ್ಯಾರೇಜಿನ ಹುಡುಗ ಲಿವರ್ ಹೊಡೆದು ಹೊಡೆದು ಕೈ ನೋವು ಅಂತ ಶುರು ಮಾಡ್ದ. ನಾನೇ ಮೆಡಿಕಲ್ ಶಾಪಿಂದ ದೊಡ್ಡ ಸಿರಿಂಜು, ಪಾರದರ್ಶಕ ಪೈಪು ತಂದು ಕೊಟ್ಟೆ. ಡಬ್ಬಿಯಿಂದ ಹಳೇ ಆಯಿಲ್ ಹೀರಿ ತೆಗೆದು, ಸಿರಿಂಜಲ್ಲಿ ಹೊಸ ಆಯಿಲ್ ತುಂಬಿ, ಕೆಳಗಿನ ನಿಪ್ಪಲಿಂದ ನಿಧಾನಕ್ಕೆ ಮೇಲಕ್ಕೆ ತಳ್ಳಿದ್ರೆ ಗುಳ್ಳೆಗಳು ತಾವಾಗೇ ಡಬ್ಬಿಗೆ ಬಂದು ಪುಟಪುಟ ಒಡೆದ್ವು. ಮೇಸ್ತ್ರಿ ನೋಡಿ ನಕ್ಕು ಸಿರಿಂಜ್ ಇಲ್ಲೇ ಇರ್ಲಿ ಅಂತ ಇಟ್ಕೊಂಡ್ರು!

ಮಾಸ್ಟರ್ ಸಿಲಿಂಡರ್ ಹತ್ರ ಪೈಪ್ ಸೇರೋ ಬ್ಯಾಂಜೋ ಬೋಲ್ಟಲ್ಲಿ ಒಂದು ಗುಳ್ಳೆ ಹಠ ಮಾಡಿ ಕೂರುತ್ತೆ, ಅದು ಪೈಪಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ. ಅದಕ್ಕೆ ಹ್ಯಾಂಡಲ್ ತಿರುಗಿಸಿ ಪೈಪಿಗಿಂತ ಡಬ್ಬಿ ಎತ್ತರ ಬರೋ ಹಾಗೆ ಮಾಡಿ ಲಿವರನ್ನ ಸ್ವಲ್ಪ ಸ್ವಲ್ಪವೇ ಆಡಿಸ್ಬೇಕು. ಅದಕ್ಕೂ ಬರ್ಲಿಲ್ಲ ಅಂದ್ರೆ ರಾತ್ರಿ ಲಿವರನ್ನ ಗ್ರಿಪ್‌ಗೆ ರಬ್ಬರ್ ಬ್ಯಾಂಡಲ್ಲಿ ಕಟ್ಟಿ ಬಿಟ್ಟು ಬೆಳಗ್ಗೆ ಬಿಚ್ಚಿದ್ರೆ ಚಿಕ್ಕ ಗುಳ್ಳೆಗಳು ಎಷ್ಟೋ ಸಲ ಹೋಗಿರುತ್ವೆ. ಇದು ತಾತ್ಕಾಲಿಕಕ್ಕೆ ಒಳ್ಳೇದು. ವಾರಕ್ಕೊಂದ್ಸಲ ಕಟ್ಟೋ ಪರಿಸ್ಥಿತಿ ಬಂದ್ರೆ ಗಾಳಿ ಎಲ್ಲಿಂದಲೋ ಒಳಗೆ ಬರ್ತಿದೆ, ಸೀಲ್ ಹೋಗಿದೆ ಅಂತ ಅರ್ಥ.

ಹಳೇ ಆಯಿಲ್ ಬಂದಿದ್ದು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ. ಡಾಟ್ 4 ಗಾಳಿಯಲ್ಲಿರೋ ತೇವ ಹೀರುತ್ತೆ, ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಹೀರಿದ ಮೇಲೆ ಮಿನಿಮಮ್ ಲೆಕ್ಕವೇ 155 ಡಿಗ್ರಿಗೆ ಇಳಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಇರುತ್ತೆ, ಬ್ರೇಕಿಂದು ಬದಲಾಯಿಸೋ ನಮ್ಮ ಜನ ಕ್ಲಚ್ಚಿಂದು ಮರೀತಾರೆ. ಡಬ್ಬ ಬಿಚ್ಚಿ ತಿಂಗಳುಗಟ್ಟಲೆ ಇಟ್ಟಿರೋ ಆಯಿಲ್ ಹಾಕಿಸ್ಬೇಡಿ, ಚಿಕ್ಕ ಸೀಲ್ ಡಬ್ಬ ತಗೊಂಡು ಹೋಗಿ. ಮತ್ತೆ ಎಲ್ಲಾ ಬೈಕಿಗೂ ಡಾಟ್ 4 ಅಂತ ತಿಳ್ಕೋಬೇಡಿ, ಕೆಲವು ಬಿಎಂಡಬ್ಲ್ಯು, ಹಳೇ ಕೆಟಿಎಂಗಳಲ್ಲಿರೋ ಮ್ಯಾಗುರಾ ಕ್ಲಚ್‌ಗೆ ಮಿನರಲ್ ಆಯಿಲ್. ಅದಕ್ಕೆ ಬ್ರೇಕ್ ಆಯಿಲ್ ಹಾಕಿದ್ರೆ ಸೀಲ್‌ಗಳು ಊದಿ ಹಾಳಾಗ್ತವೆ, ಡಾಟ್ 4 ಇರೋದಕ್ಕೆ ಮಿನರಲ್ ಆಯಿಲ್ ಹಾಕಿದ್ರೂ ಅಷ್ಟೇ. ಮುಚ್ಚಳದ ಮೇಲೆ ಏನು ಬರೆದಿದೆಯೋ ಅದು.

ಗ್ಯಾರೇಜಿನ ಮೈನಸ್‌ಗಳೂ ಹೇಳ್ಬೇಕು. ಹುಡುಗ ಕೊನೇಲಿ ಡಬ್ಬಿಗೆ ಬಾಯಿವರೆಗೂ ಆಯಿಲ್ ತುಂಬಿಬಿಟ್ಟ, ಮೇಸ್ತ್ರಿ ಬಂದು ಬೈದು ತೆಗೆಸಿದ್ರು. ಬ್ರೇಕಲ್ಲಿ ಪ್ಯಾಡ್ ಸವೆದ ಹಾಗೆ ಡಬ್ಬಿಯ ಮಟ್ಟ ಇಳಿಯುತ್ತೆ, ಕ್ಲಚ್ಚಲ್ಲಿ ಉಲ್ಟಾ, ಪ್ಲೇಟ್ ಸವೆದ ಹಾಗೆ ರಾಡು ಸ್ಲೇವ್ ಪಿಸ್ಟನ್ನನ್ನ ಹಿಂದಕ್ಕೆ ತಳ್ಳುತ್ತೆ, ಆಯಿಲ್ ಡಬ್ಬಿಗೆ ವಾಪಸ್ ಬಂದು ಮಟ್ಟ ಏರುತ್ತೆ. ಅದಕ್ಕೆ ಜಾಗ ಬಿಟ್ಟಿರ್ಬೇಕು. ಇನ್ನೊಂದು ಅರ್ಥ ಏನಂದ್ರೆ ಕ್ಲಚ್ ಡಬ್ಬಿಯಲ್ಲಿ ಆಯಿಲ್ ಕಮ್ಮಿ ಆಗ್ತಿದ್ರೆ ಅದು ಸವೆತ ಅಲ್ಲ, ಲೀಕು. ಲಿವರ್ ಬುಡದ ರಬ್ಬರ್ ಟೋಪಿ ಎತ್ತಿ ನೋಡಿ ಒದ್ದೆ ಇದೆಯಾ ಅಂತ, ಆಮೇಲೆ ಕೆಳಗೆ ಸ್ಪ್ರಾಕೆಟ್ ಕವರ್ ಸುತ್ತ. ಅಲ್ಲಿ ಚೈನ್ ಲೂಬ್ ಜಿಡ್ಡು ಯಾವಾಗ್ಲೂ ಇರೋದ್ರಿಂದ ಲೀಕ್ ಯಾವ್ದು ಜಿಡ್ಡು ಯಾವ್ದು ಗೊತ್ತಾಗಲ್ಲ, ಒಂದ್ಸಲ ಪೂರ್ತಿ ಕ್ಲೀನ್ ಮಾಡಿ ಓಡಿಸಿ ಮತ್ತೆ ನೋಡ್ಬೇಕು. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದ್ರೆ ಸಿಗ್ನಲಲ್ಲಿ ಲಿವರ್ ಹಿಡಿದು ನಿಂತಿದ್ದ ಹಾಗೇ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತೆ ಅಂದ್ರೆ ಮಾಸ್ಟರ್ ಸಿಲಿಂಡರೊಳಗಿನ ರಬ್ಬರ್ ಕಪ್ ಸವೆದು ಆಯಿಲ್ ಒಳಗೊಳಗೇ ವಾಪಸ್ ಹೋಗ್ತಿದೆ. ಅದಕ್ಕೆ ರಿಪೇರಿ ಕಿಟ್ ಸಿಗುತ್ತೆ, ಇಡೀ ಸಿಲಿಂಡರ್ ಬದಲಾಯಿಸ್ಬೇಕಾಗಿಲ್ಲ.

ಎರಡನೇ ಮೈನಸ್ಸು, ಪೇಂಟ್ ಬಗ್ಗೆ ಕಾಳಜಿ ಇಲ್ಲ. ಪಿಕಪ್‌ಗೆ ಬ್ರೇಕ್ ಆಯಿಲ್ ಚೆಲ್ಲಿದ್ರೆ ಯಾರು ಕೇಳ್ತಾರೆ, ಇದಕ್ಕೆ ಚೆಲ್ಲಿದ್ರೆ ಪೇಂಟ್ ಗುಳ್ಳೆ ಏಳುತ್ತೆ. ಟ್ಯಾಂಕ್ ಮೇಲೆ ನಾನೇ ಟವೆಲ್ ಹೊದಿಸಿ, ಪಕ್ಕದಲ್ಲಿ ಬಕೆಟ್ ನೀರು ಇಟ್ಕೊಂಡು ನಿಂತಿದ್ದೆ, ಒಂದು ಹನಿ ಬಿದ್ದಾಗ ತಕ್ಷಣ ನೀರು ಹೊಡೆದೆ. ಬಟ್ಟೇಲಿ ಬರೀ ಒರೆಸಿದ್ರೆ ಸಾಲಲ್ಲ. ಡಬ್ಬಿ ಮುಚ್ಚಳದ ಸ್ಟಾರ್ ಸ್ಕ್ರೂಗಳ ತಲೆ ಮೆತ್ತಗಿರುತ್ವೆ, ಅಲ್ಲಿನ ಸವೆದ ಸ್ಕ್ರೂಡ್ರೈವರಲ್ಲಿ ಬಿಚ್ಚೋಕೆ ಬಿಡ್ಬೇಡಿ, ಸರಿಯಾಗಿ ಕೂರೋದನ್ನ ನೀವೇ ತಗೊಂಡು ಹೋಗಿ. ಸ್ಲೇವ್ ಬಿಚ್ಚೋ ಕೆಲಸ ಇದ್ರೆ, ಚೈನ್ ಸ್ಪ್ರಾಕೆಟ್ ಬದಲಾಯಿಸುವಾಗ ಬಿಚ್ಚಲೇಬೇಕಾಗುತ್ತೆ, ಆ ಹೊತ್ತಲ್ಲಿ ಯಾರೂ ಲಿವರ್ ಮುಟ್ಟದ ಹಾಗೆ ನೋಡ್ಕೊಳ್ಳಿ, ಗ್ಯಾರೇಜಲ್ಲಿ ಬಂದೋರೆಲ್ಲಾ ದೊಡ್ಡ ಬೈಕ್ ಅಂತ ಲಿವರ್ ಹಿಡಿದು ನೋಡ್ತಾರೆ, ಒಂದ್ಸಲ ಹಿಡಿದ್ರೆ ಕೆಳಗೆ ಪಿಸ್ಟನ್ ಹೊರಗೆ ಹಾರಿ ನೆಲದ ಮೇಲಿರುತ್ತೆ. ನಾನು ಸ್ಲೇವ್ ಪಿಸ್ಟನ್‌ಗೆ ಅಡ್ಡ ಟ್ಯಾಗ್ ಕಟ್ಟಿಸ್ತೀನಿ ಈಗ.

ಖರ್ಚು: ಲೇಬರ್ ₹600, ಆಯಿಲ್ ನಾನೇ ತಂದಿದ್ದು. ಬಿಲ್ ಕೊಡಲ್ಲ, ಕೇಳಿದ್ರೆ ಪಿಕಪ್ ಬಿಡಿಭಾಗದ ಅಂಗಡಿ ಚೀಟಿ ಹಿಂದೆ ಬರೆದು ಕೊಡ್ತಾರೆ. ಕೂರೋಕೆ ಜಾಗ ಇಲ್ಲ, ಒಂದು ಹಳೇ ಟೈರ್ ಇದೆ. ಬೈಕ್ ಕೆಲಸ ಅಂದ್ರೆ ಮೊದಲು ಇಂಜಿನ್ ಕೆಲಸ ಮಾಡಲ್ಲ ಅಂತ್ಲೇ ಹೇಳ್ತಾರೆ, ಕ್ಲಚ್ ಆಯಿಲ್, ಬ್ರೇಕ್ ಆಯಿಲ್ ಸಂಬಂಧ ಅಂತ ಬಿಡಿಸಿ ಹೇಳಿ, ಆಗ ನೋಡ್ತಾರೆ. ಬೆಳಗ್ಗೆ ಹೊತ್ತು ಮಾರ್ಕೆಟ್‌ಗೆ ಹೋಗಿ ಬಂದ ಗಾಡಿಗಳು ಸಾಲಾಗಿ ನಿಂತಿರುತ್ವೆ, ಅವಕ್ಕೇ ಮೊದಲ ಆದ್ಯತೆ, ಅದು ನ್ಯಾಯವೇ, ಅವ್ರ ದುಡಿಮೆ ಗಾಡಿ ಅದು. ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಭಾನುವಾರ ನಂದಿಗೆ ಬಂದು ಹಾಗೇ ತೋರಿಸ್ಕೊಂಡು ಹೋಗೋಣ ಅನ್ನೋ ಬೆಂಗಳೂರಿನವ್ರಿಗೆ ಒಂದು ಮಾತು, ಭಾನುವಾರ ಬಾಗಿಲು ಹಾಕಿರುತ್ತೆ. ಸ್ಲಿಪ್ ದೂರು ಇದ್ರೆ ಮಾತ್ರ ಗಾಡಿ ಬಿಸಿ ಇದ್ದಾಗ್ಲೇ ತಗೊಂಡು ಹೋಗಿ, ತಣ್ಣಗಿದ್ರೆ ನಿಮ್ಮನ್ನೂ ಒಂದು ರೌಂಡ್ ಹಾಕ್ಕೊಂಡು ಬನ್ನಿ ಅಂತ ಕಳಿಸ್ತಾರೆ.